ಕೊನೆಗೂ 7ಕ್ಕೆ ಕಂದು ಬಣ್ಣ ಸಿಕ್ಕಿತು

ಕಂದು ಬಂತು! ಎಲ್‌ಇಡಿಯಲ್ಲಿ, ಅದೂ ಕತ್ತಲ ಕೋಣೆಯಲ್ಲಿ, ಯಾರು ನೋಡಿದರೂ ಕಂದು ಎನ್ನುವಂಥ ಕಂದು. ಬಾಹ್ಯಾಕಾಶದ ಕಸ ನಮ್ಮ ಮೇಲೆ ದಾಟುವುದನ್ನು ದೀಪದಲ್ಲಿ ತೋರಿಸುವ ಪುಟ್ಟ ಗುಮ್ಮಟವೊಂದನ್ನು ಮನೆಯಲ್ಲೇ ಕಟ್ಟಿದ್ದೇನೆ, ಅದರಲ್ಲಿ 7ಕ್ಕೆ ಬೇಕಾದ ಬಣ್ಣ ಇದು. ಮಳೆಗಾಲವೆಲ್ಲ ಇದರಲ್ಲೇ ಕಳೆಯಿತು. ಹಾಗಾಗಿ ಈ ಸಲ ಬರೆಯುವುದೂ ಹೆಚ್ಚಾಗಿ ಇದರ ಬಗ್ಗೆಯೇ.

ಗುಮ್ಮಟದ ಕೆಲಸ ಮೊದಲೇ ಮುಗಿದಿತ್ತು. ಅಕ್ರಿಲಿಕ್ ಅರ್ಧಗೋಳ, ಒಳಗೆ ಬಿಳಿ ದೀಪಗಳು, ಅವನ್ನು ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್. ಸೆಲೆಸ್‌ಟ್ರ್ಯಾಕ್ ಎಂಬ ಜಾಲತಾಣದಿಂದ ಕಕ್ಷೆಯ ವಿವರ ತಂದು, ವಸ್ತು ಈಗ ಎಲ್ಲಿದೆ ಎಂದು ಲೆಕ್ಕ ಹಾಕುವ ಎಸ್‌ಜಿಪಿ4 ಸೂತ್ರಕ್ಕೆ ಕೊಡುತ್ತೇನೆ. ಬಾಹ್ಯಾಕಾಶದ ಕಸದ ದೊಡ್ಡ ತುಂಡೊಂದು ವಿಜಯಪುರದ ಮೇಲೆ ದಾಟುವಾಗ ಗುಮ್ಮಟದಲ್ಲಿ ಆ ದಿಕ್ಕಿನ ದೀಪ ಹೊತ್ತುತ್ತದೆ. ಕೆಳಗೆ ಐದು ಚೌಕದ ಮನೆಗಳಿರುವ ನೇಮ್‌ಪ್ಲೇಟ್ ಇದೆ, ಆ ತುಂಡಿನ ಸಂಖ್ಯೆಯ ಒಂದೊಂದು ಅಂಕಿಗೆ ಒಂದೊಂದು ಮನೆ. ಅದರಲ್ಲಿ ಅಂಕಿ ಇಲ್ಲ, ಬರೀ ಬಣ್ಣ.

ಯಾಕೆಂದರೆ ನನಗೆ ಅಂಕಿ ಎಂದರೆ ಬಣ್ಣವೇ. ಒಂದು ಗ್ರಹಿಕೆಯ ಜೊತೆ ಇನ್ನೊಂದು ತಾನಾಗಿಯೇ ಮೂಡುವ ಇದಕ್ಕೆ ಸಿನೆಸ್ತೀಸಿಯಾ ಎನ್ನುತ್ತಾರೆ, ಇದ್ದವರಿಗೆ ವಿವರಿಸಬೇಕಾಗಿಲ್ಲ. ನನ್ನ 2 ಹಸಿರು, 3 ಕಿತ್ತಳೆ, 5 ಕೆಂಪು, 6 ಹಳದಿ, 8 ನೇರಳೆ. 0 ಗಾಜಿನ ಹಾಗೆ, ಬಣ್ಣವೇ ಇಲ್ಲ. 7 ಕಂದು, ಹಳೆ ಬೆಲ್ಲದ ಕಂದು. ಸಂಶೋಧಕರಾದ ರಾಮಚಂದ್ರನ್ ಮತ್ತು ಹಬ್ಬರ್ಡ್ ತಮ್ಮ 2001ರ ಅಧ್ಯಯನದಲ್ಲಿ ಪರೀಕ್ಷೆ ಮಾಡಿದ ಸಿನೆಸ್ತೀಸಿಯಾದವರಿಗೆ ರೋಮನ್ ಅಂಕಿಯಲ್ಲಿ ಬರೆದರೆ ಬಣ್ಣ ಬರುತ್ತಿರಲಿಲ್ಲ. ನನಗೆ ಕನ್ನಡದ ೭ರಲ್ಲೂ ಅದೇ ಕಂದು ಬರುತ್ತದೆ, ಸ್ವಲ್ಪ ತೆಳುವಾಗಿ.

ಕಸದ ತುಂಡುಗಳಿಗೆ ಕ್ಯಾಟಲಾಗ್ ಸಂಖ್ಯೆಯೇ ಹೆಸರು. ಭೂಮಿಯಿಂದ ಜಾಡು ಹಿಡಿಯುವ ವಸ್ತುಗಳು ಸುಮಾರು 40,000 ಇವೆ. ಅಷ್ಟನ್ನು ಪಟ್ಟಿಯಲ್ಲಿ ಓದಿದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಬಣ್ಣದಲ್ಲಿ ನೋಡಿದರೆ ನಿಲ್ಲುತ್ತದೆ. ಒಂದೊಂದು ತುಂಡನ್ನೂ ಗುರುತು ಹಿಡಿಯಬೇಕು, ಅದು ಮತ್ತೆ ಬಂದಾಗ ‘ಅರೇ, ನೀನಾ’ ಅನ್ನಬೇಕು. ಗುಮ್ಮಟ ಕಟ್ಟಿದ್ದೇ ಅದಕ್ಕೆ.

ಈಗ ಈ ಮೂರು ಸಂಖ್ಯೆ ನೋಡಿ. 25730 ಚೀನಾದ ಫೆಂಗ್‌ಯುನ್-1ಸಿ ಉಪಗ್ರಹ. 2007ರ ಜನವರಿಯಲ್ಲಿ ಅವರೇ ಕ್ಷಿಪಣಿ ಬಿಟ್ಟು ಒಡೆದರು, ಜಾಡು ಹಿಡಿಯುವಷ್ಟು ದೊಡ್ಡ ತುಂಡುಗಳೇ 3,000 ದಾಟಿದವು. 22675 ಕಾಸ್ಮೋಸ್ 2251. ಕೆಲಸ ನಿಲ್ಲಿಸಿದ್ದ ಈ ರಷ್ಯನ್ ಉಪಗ್ರಹಕ್ಕೂ ಅಮೆರಿಕದ ಇರಿಡಿಯಂ 33 ಉಪಗ್ರಹಕ್ಕೂ 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ ಡಿಕ್ಕಿಯಾಯಿತು. 27386 ಯುರೋಪಿನ ಎನ್ವಿಸ್ಯಾಟ್ ಉಪಗ್ರಹ. ಸುಮಾರು 8 ಟನ್ ತೂಕದ ಇದು 2012ರ ಏಪ್ರಿಲ್‌ನಲ್ಲಿ ಮಾತು ನಿಲ್ಲಿಸಿತು, ಈಗಲೂ ಇಡಿಯಾಗಿ ಸುತ್ತುತ್ತಿದೆ. ನಾನು ಎಲ್ಲಕ್ಕಿಂತ ಮೊದಲು ಗುರುತು ಹಿಡಿಯಬೇಕು ಎಂದುಕೊಂಡಿದ್ದ ಮೂರರಲ್ಲೂ 7 ಇದೆ!

ಆದರೆ ಎಲ್‌ಇಡಿಗೆ ಕಂದು ಬರುವುದಿಲ್ಲ. ಕಂದು ಬೆಳಕು ಅಂತ ಪ್ರಪಂಚದಲ್ಲಿ ಇಲ್ಲವೇ ಇಲ್ಲ. ಕಿತ್ತಳೆ ಬಣ್ಣ ತನ್ನ ಸುತ್ತಲಿನದಕ್ಕಿಂತ ಮಬ್ಬಾಗಿದ್ದರೆ ಕಣ್ಣು ಅದನ್ನು ಕಂದು ಎನ್ನುತ್ತದೆ. ಸುತ್ತ ಕತ್ತಲಿದ್ದರೆ ಅದು ಮಬ್ಬು ಕಿತ್ತಳೆಯಾಗಿಯೇ ಉಳಿಯುತ್ತದೆ. ಪ್ರಕಾಶ ಇಳಿಸಿದೆ, ಗಾಮಾ (ಕೊಟ್ಟ ಅಂಕಿಗೂ ಕಾಣುವ ಪ್ರಕಾಶಕ್ಕೂ ಇರುವ ಲೆಕ್ಕ) ತಿದ್ದಿದೆ, ಮೇಲೆ ಕಂದು ಜಿಲೆಟಿನ್ ಹಾಳೆ ಅಂಟಿಸಿದೆ. ತೀರಾ ಕೆಳಗಿಳಿಸಿದರೆ 8 ಬಿಟ್‌ನ, ಅಂದರೆ 0ಯಿಂದ 255ರವರೆಗಿನ, ಮೆಟ್ಟಿಲು ಸಾಲದೆ ಕೆಂಪು ಹಸಿರಿನ ಪ್ರಮಾಣವೇ ಕೆಡುತ್ತದೆ. ಅವ್ವ ಬಂದು ನೋಡಿ, “ಕಂದು ಎಲ್ಲೈತಿ ಇದು? ಕೇಸರಿನ ಐತಿ, ಮಬ್ಬ ಐತಿ ಅಷ್ಟ” ಎಂದಳು. ನೂರಕ್ಕೆ ನೂರು ನಿಜ.

ಕಿತ್ತಳೆ ನನಗೆ 3. ಹಾಗಾಗಿ ಎನ್ವಿಸ್ಯಾಟ್ ದಾಟಿದಾಗ 23386 ಅಂತ ಮನಸ್ಸಿನಲ್ಲಿ ಕೂರುತ್ತಿತ್ತು. ಬೆಳಿಗ್ಗೆ ನೆನಪಿಸಿಕೊಂಡರೆ ಎಲ್ಲ ಕಲಸಿಹೋಗಿರುತ್ತಿತ್ತು. 2002ರಲ್ಲಿ ಕೆನಡಾದ ಸ್ಮೈಲೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಇದೆ. ಸಿ ಎಂದು ಕರೆದ ಒಬ್ಬಾಕೆಗೆ ಅಂಕಿಗಳ ಪಟ್ಟಿ ತೋರಿಸಿದರು. ಕಪ್ಪಿನಲ್ಲಿ ಬರೆದರೂ, ಅವಳದೇ ಬಣ್ಣಗಳಲ್ಲಿ ಬರೆದರೂ ಚೆನ್ನಾಗಿ ನೆನಪಿಟ್ಟಳು. ಬೇರೆ ಬಣ್ಣಗಳಲ್ಲಿ ಬರೆದಾಗ ಮಾತ್ರ ನೆನಪು ಕುಸಿಯಿತು. ತಪ್ಪು ಬಣ್ಣ ತೋರಿಸುವುದಕ್ಕಿಂತ ಬಣ್ಣವೇ ಇಲ್ಲದಿರುವುದು ವಾಸಿ.

ದಾರಿ ಸಿಕ್ಕಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಕಿಟಕಿ ತೆರೆದಿತ್ತು, ನೇಮ್‌ಪ್ಲೇಟಿನ ಸುತ್ತಲ ಬಿಳಿ ಕಾಗದ ಹೊಳೆಯುತ್ತಿತ್ತು. ನಡುವೆ 7ರ ಮನೆ ಪಕ್ಕಾ ಕಂದು! ಅಂದರೆ ಕಿತ್ತಳೆಯನ್ನು ಇಳಿಸುವುದಲ್ಲ, ಸುತ್ತಲಿನದನ್ನು ಏರಿಸಬೇಕು. ಪ್ರತಿ ಮನೆಯ ಸುತ್ತ ಬಿಳಿ ಎಲ್‌ಇಡಿಯ ಚೌಕಟ್ಟು ಕೂರಿಸಿದೆ. ಒಳಗಿನ 7ರ ಮನೆಗೆ ಕೆಂಪು 60, ಹಸಿರು 22, ನೀಲಿ 0. ಮೊದಲು ಬಿಳಿ ಒಳಗೆ ಸೋರಿ ಬಣ್ಣವನ್ನೆಲ್ಲ ತೊಳೆಯಿತು. ಕಪ್ಪು ಫೋಮ್ ಶೀಟಿನ ಗೋಡೆಗಳನ್ನು ಮೇಲಿನ ಡಿಫ್ಯೂಸರ್‌ಗೆ (ಬೆಳಕು ಹರಡುವ ಹಾಳೆಗೆ) ತಾಗುವವರೆಗೂ ಎತ್ತರಿಸಿದ ಮೇಲೆ ಸೋರುವುದು ನಿಂತಿತು.

ಆಮೇಲೆ 6 ಕೈಕೊಟ್ಟಿತು. ಬಿಳಿ ಚೌಕಟ್ಟು ಜೋರಾಗಿದ್ದರೆ ಹಳದಿಯೂ ಮಬ್ಬಾಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಚೌಕಟ್ಟು ಎರಡರ ನಡುವೆ ನಿಲ್ಲಬೇಕು, ಕಂದಿಗಿಂತ ಮೇಲೆ, ಹಳದಿಗಿಂತ ಕೆಳಗೆ. ನನಗೆ 120ಕ್ಕೆ ಸರಿಹೋಯಿತು. ಒಂದು ಖುಷಿಯ ವಿಷಯ, 0ರ ಮನೆ ಈಗ ಆರಿದ ದೀಪದ ಹಾಗಿಲ್ಲ, ತಿಳಿ ಬೂದಿಯಲ್ಲಿ ಗಾಜಿನಂತೆಯೇ ಕಾಣುತ್ತದೆ.

ಬೆಂಗಳೂರಿನ ವ್ಯಾಪಾರಿಯ ಬಗ್ಗೆ ಹೇಳಲೇಬೇಕು. ಒಂದೇ ಆರ್ಡರ್, ಎಲ್‌ಇಡಿಯ ಎರಡು ರೋಲ್, ಎರಡರ ಹಸಿರು ಬೇರೆ ಬೇರೆ. ಅದೇ 60, 22, 0 ಒಂದರಲ್ಲಿ ಇಟ್ಟಿಗೆ ಬಣ್ಣ, ಇನ್ನೊಂದರಲ್ಲಿ ಆಲಿವ್. ಫೋಟೊ ಕಳಿಸಿದರೆ “ಮೇಡಂ, ಹತ್ತುತ್ತಾ ಇದೆಯಲ್ಲ” ಎಂಬ ಉತ್ತರ. ಒಂದೇ ಬ್ಯಾಚ್ ಬೇಕು ಅಂತ ಮೊದಲೇ ಬರೆದು ಕೊಡಿ, ಚೀಟಿಯಲ್ಲೂ ಬರೆಸಿಕೊಳ್ಳಿ.

ಪರೀಕ್ಷೆಗೆ ತಮ್ಮ ಕೂತ. ಪರದೆ ಮುಚ್ಚಿ, “ಅಕ್ಕಾ, ಈಗ ಹೋದದ್ದು ಯಾವ್ದ ಹೇಳ?” ಎಂದ. ಹಸಿರು, ಹಸಿರು, ಹಳದಿ, ಕಂದು, ಕೆಂಪು: ಕಾಸ್ಮೋಸ್ 2251! ಮರುದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಸಾಲನ್ನು ಕ್ರಮವಾಗಿ ಹೇಳಿದೆ. ಅವನು ನನಗೆ ಹೇಳದೆ 7ಕ್ಕೆ ಹಳೆ ಕಿತ್ತಳೆ ಹಾಕಿದ ರಾತ್ರಿಯ ಸಾಲು ಮಾತ್ರ ಹಿಂದಿನಂತೆ ಕಲಸಿಹೋಗಿತ್ತು. ಇಷ್ಟು ಸ್ಪಷ್ಟ ವ್ಯತ್ಯಾಸ ನೋಡಿ ಇಬ್ಬರೂ ಕುಣಿದೆವು.

ಪಟ್ಟಿಗೆ ಇನ್ನು ಸೇರಿಸಬೇಕಾದದ್ದು ನಮ್ಮದೇ ಕಸ. 2001ರ ಡಿಸೆಂಬರ್‌ನಲ್ಲಿ ಪಿಎಸ್‌ಎಲ್‌ವಿ-ಸಿ3ರ ನಾಲ್ಕನೇ ಹಂತ ಕಕ್ಷೆಯಲ್ಲೇ ಸ್ಫೋಟಗೊಂಡು 300ಕ್ಕೂ ಜಾಸ್ತಿ ತುಂಡಾಯಿತು. ಆಮೇಲೆ ಇಸ್ರೋ ಉಳಿದ ಇಂಧನವನ್ನು ಹೊರಬಿಟ್ಟು ಹಂತವನ್ನು ಸುರಕ್ಷಿತ ಮಾಡತೊಡಗಿತು. ಈಗ 2030ರ ಹೊತ್ತಿಗೆ ಕಸವಿಲ್ಲದ ಬಾಹ್ಯಾಕಾಶ ಯಾನಗಳು ಎಂದು ಗುರಿ ಇಟ್ಟಿದೆ. ಆ ಗುರಿ ಮುಟ್ಟಲಿ ಎಂದು ಮನಸಾರೆ ಬಯಸುತ್ತೇನೆ.

ಮುಂದಿನ ಕೆಲಸವೂ ತಲೆಯಲ್ಲಿ ಸಿದ್ಧವಾಗಿದೆ. ಮೋಡ ಸರಿದ ಮೇಲೆ ಸಂಜೆ ಭೂತನಾಳ ಕೆರೆಯ ದಂಡೆಗೆ ಬೈನಾಕ್ಯುಲರ್ ಒಯ್ಯಬೇಕು. 22220 ಮತ್ತು 22566, ಎರಡೂ ಝೆನಿತ್ ರಾಕೆಟ್ಟಿನ ಖಾಲಿ ಹಂತಗಳು, ಒಂದೊಂದೂ ಸುಮಾರು 9 ಟನ್, 800 ಕಿಲೋಮೀಟರಿಗಿಂತ ಮೇಲೆ. ಉರುಳುತ್ತಿದ್ದರೆ ಮಿನುಗುತ್ತವೆ. ಮಿನುಗಿನ ನಡುವಿನ ಸಮಯ ಅಳೆದು ಗುಮ್ಮಟದ ದೀಪವನ್ನೂ ಅದೇ ಲಯದಲ್ಲಿ ಮಿನುಗಿಸಬೇಕು.

ಅದಕ್ಕೂ ಮೊದಲು ಕೋಡ್ ತಿದ್ದಬೇಕು. ಕಕ್ಷೆಯ ವಿವರ ಬರುವ ಎರಡು ಸಾಲಿನ ಹಳೆ ನಮೂನೆಯಲ್ಲಿ, ಅಂದರೆ ಟಿಎಲ್‌ಇಯಲ್ಲಿ, ಕ್ಯಾಟಲಾಗ್ ಸಂಖ್ಯೆಯ ಐದೇ ಅಂಕಿಗೆ ಜಾಗ ಇದೆ. ಆರಂಕಿಯ ಸಂಖ್ಯೆಯನ್ನು ಅದರಲ್ಲೇ ಹಿಡಿಸುವ ಆಲ್ಫಾ-5 ಎಂಬ ಕ್ರಮದಲ್ಲಿ ಮೊದಲ ಜಾಗಕ್ಕೆ ಇಂಗ್ಲಿಷ್ ಅಕ್ಷರ ಬರುತ್ತದೆ, ಎ ಅಂದರೆ 10. ನನ್ನ ಎ ಕೆಂಪು, 5ರ ಕೆಂಪಿಗೆ ತೀರಾ ಹತ್ತಿರ. ಆರನೇ ಮನೆ ಕಟ್ಟುವುದೇ ಸರಿ ಅನ್ನಿಸುತ್ತಿದೆ. ಫೋಮ್ ಶೀಟ್ ಇನ್ನೂ ಉಳಿದಿದೆ, ಎಲ್‌ಇಡಿ ಮಾತ್ರ ಬೇರೆ ಅಂಗಡಿಯಿಂದ ತರಿಸುತ್ತೇನೆ.