ಹೆಡರ್‌ನಲ್ಲಿ ಶಿಪ್-ಟು ಬದಲಿಸಿದ್ದು ಸಾಲಲಿಲ್ಲ

ಎಸ್‌ಎಪಿ ಸಾಫ್ಟ್‌ವೇರ್‌ನಲ್ಲಿ ಹನ್ನೆರಡು ಐಟಂಗಳ ಮಾರಾಟದ ಆರ್ಡರ್. ಗ್ರಾಹಕರು ಹಳೇ ಗೋದಾಮುಗಳನ್ನು ಖಾಲಿ ಮಾಡಿದ್ದರು, ಸರಕೆಲ್ಲ ಹೊಸ ಜಾಗಕ್ಕೇ ಹೋಗಬೇಕಿತ್ತು. ಆರ್ಡರ್ ತಿದ್ದುವ ವಿಎ02ರಲ್ಲಿ ಹೆಡರ್‌ನ (ಇಡೀ ಆರ್ಡರ್‌ಗೆ ಅನ್ವಯಿಸುವ ಭಾಗ) ಪಾರ್ಟ್‌ನರ್ ಟ್ಯಾಬ್ ತೆರೆದು ಶಿಪ್-ಟು, ಅಂದರೆ ಸರಕು ತಲುಪಬೇಕಾದ ಜಾಗ, ಬದಲಿಸಿ ಸೇವ್ ಮಾಡಿದೆ. ಒಂಬತ್ತು ಐಟಂ ಸರಿಯಾಗಿ ಹೋದವು. ಉಳಿದ ಮೂರು ಬೀಗ ಹಾಕಿದ ಬಾಗಿಲಿನತ್ತ ಹೊರಟವು.

ಕಾರಣ ಶಿಪ್-ಟು ಮುಂತಾದ ಪಾರ್ಟ್‌ನರ್‌ಗಳನ್ನು ಇಡುವ ವಿಬಿಪಿಎ ಟೇಬಲ್‌ನಲ್ಲಿದೆ. ಐಟಂಗಳ ಶಿಪ್-ಟು ಹೆಡರ್‌ನದ್ದೇ ಆಗಿದ್ದರೆ ಅಲ್ಲಿ ಶಿಪ್-ಟುವಿಗೆ ಐಟಂ ನಂಬರ್ 000000 (ಅಂದರೆ ಹೆಡರ್) ಇರುವ ಒಂದೇ ಸಾಲು. ಯಾರೋ ಮೊದಲೇ ಮೂರು ಐಟಂಗೆ ಬೇರೆ ಶಿಪ್-ಟು ಕೊಟ್ಟಿದ್ದರು, ಅವುಗಳಿಗೆ ತಮ್ಮದೇ ಸಾಲುಗಳಿದ್ದವು. ಆಮೇಲೆ ಹೆಡರ್ ಬದಲಿಸಿದರೂ ಅವು ಕದಲುವುದಿಲ್ಲ.

ಸುಳಿವು ಕಣ್ಣೆದುರೇ ಇತ್ತು. ಒಂದು ಆರ್ಡರ್‌ಗೆ ಎರಡು ಡೆಲಿವರಿ ಬಂದಿದ್ದವು. ರೂಟ್ (ಸಾಗಣೆಯ ಮಾರ್ಗ) ಬೇರೆ ಇದ್ದದ್ದು ನೋಡಿ, ಅದಕ್ಕೇ ಸ್ಪ್ಲಿಟ್ ಆಗಿದೆ ಅಂದುಕೊಂಡು ಪಿಜಿಐ (ಸರಕು ಹೊರಬಿತ್ತೆಂದು ದಾಖಲಿಸುವುದು) ಮಾಡಿಸಿದೆ. ರೂಟ್ ಯಾಕೆ ಬೇರೆ ಅಂತ ಕೇಳಿಕೊಳ್ಳಲಿಲ್ಲ. ಶಿಪ್-ಟುವಿನ ಟ್ರಾನ್ಸ್‌ಪೋರ್ಟೇಶನ್ ಝೋನ್ (ಸಾಗಣೆ ವಲಯ) ಕೂಡ ನೋಡಿ ಸಿಸ್ಟಂ ರೂಟ್ ಹುಡುಕುವುದು. ಅಲ್ಲೇ ಉತ್ತರ ಇತ್ತು.

ಲಾರಿ ಗೇಟು ದಾಟಿದ ಮೇಲೆ ಫೋನ್ ಬಂತು. ಡ್ರೈವರ್ ಫೋನ್ ಎತ್ತುತ್ತಿಲ್ಲ, ಡೆಲಿವರಿ ತಿದ್ದುವ ವಿಎಲ್02ಎನ್ ತೆರೆದರೆ ಶಿಪ್-ಟು ಗ್ರೇ ಔಟ್, ಬದಲಿಸಲು ಬಿಡದು. ಇನ್‌ವಾಯ್ಸ್ ಕೂಡ ಆಗಿಹೋಗಿತ್ತು. ಹಾಗಾಗಿ ಹಿಂದಿನಿಂದ ಬಿಚ್ಚಬೇಕಾಯಿತು: ವಿಎಫ್11ರಲ್ಲಿ ಬಿಲ್ಲಿಂಗ್ ಕ್ಯಾನ್ಸಲ್, ವಿಎಲ್09ರಲ್ಲಿ ಪಿಜಿಐ ರಿವರ್ಸ್, ಪಿಕಿಂಗ್ ಸೊನ್ನೆ ಮಾಡಿ ಡೆಲಿವರಿ ಡಿಲೀಟ್, ಆಮೇಲೆ ಐಟಂ ಮಟ್ಟದ ಶಿಪ್-ಟು ಸರಿಪಡಿಸಿ ಹೊಸ ಡೆಲಿವರಿ.

ಮೇಲಿನವರ ಸಲಹೆ ಮಾತ್ರ ಇನ್ನೂ ಕೊರೆಯುತ್ತದೆ: "ಗ್ರಾಹಕರ ಮಾಸ್ಟರ್ ದಾಖಲೆಯಲ್ಲೇ ವಿಳಾಸ ತಿದ್ದಿಬಿಡಿ, ಎಲ್ಲ ಒಂದೇ ಸಲ ಸರಿಹೋಗುತ್ತೆ." ಅದೇ ಅಪಾಯ. ಡಾಕ್ಯುಮೆಂಟ್‌ನಲ್ಲಿ ಕೈಯಾರೆ ತಿದ್ದದ ವಿಳಾಸ ಮಾಸ್ಟರ್‌ನ ಅಡ್ರೆಸ್ ನಂಬರನ್ನೇ ಹಿಡಿದಿರುತ್ತದೆ. ಮಾಸ್ಟರ್ ತಿದ್ದಿದರೆ, ಹಳೇ ಜಾಗಕ್ಕೆ ನಿಜವಾಗಿಯೂ ಹೋದ ಸರಕಿನ ಡಾಕ್ಯುಮೆಂಟ್‌ಗಳೂ ಹೊಸ ವಿಳಾಸ ತೋರಿಸುತ್ತವೆ. ಆಡಿಟ್‌ನವರಿಗೆ ಏನು ಹೇಳುವುದು?

ಜಾಗ ಬದಲಾದರೆ ಹೊಸ ಶಿಪ್-ಟು ತೆರೆಯಿರಿ. ಅದೇ ಸೇಲ್ಸ್ ಏರಿಯಾಗೆ (ಮಾರಾಟ ವಿಭಾಗ) ಎಕ್ಸ್‌ಟೆಂಡ್ ಮಾಡಿ, ಸೋಲ್ಡ್-ಟುವಿನ (ಆರ್ಡರ್ ಕೊಡುವ ಗ್ರಾಹಕರು) ಪಾರ್ಟ್‌ನರ್ ಫಂಕ್ಷನ್‌ಗೆ, ಅಂದರೆ ಯಾರ ಪಾತ್ರ ಏನೆಂಬ ಪಟ್ಟಿಗೆ, ಸೇರಿಸಿ. ಮುಚ್ಚಿದ ಗೋದಾಮನ್ನು ಅಲ್ಲಿಂದ ತೆಗೆಯಿರಿ. ಇಲ್ಲದಿದ್ದರೆ ಹೊಸ ಆರ್ಡರ್ ಹಾಕುವ ವಿಎ01ರ ಪಾಪ್‌ಅಪ್ ಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುತ್ತಲೇ ಇರುತ್ತದೆ, ಅವಸರದಲ್ಲಿ ಯಾರಾದರೂ ಆರಿಸಿಯೇ ಆರಿಸುತ್ತಾರೆ.

ಇನ್ನು ಓಪನ್ ಆರ್ಡರ್‌ಗಳು. ಹೆಡರ್ ಮುಟ್ಟುವ ಮುಂಚೆ, ಟೇಬಲ್ ನೋಡುವ ಎಸ್‌ಇ16ಎನ್‌ನಲ್ಲಿ ವಿಬಿಪಿಎ ತೆಗೆದು, ಆರ್ಡರ್ ನಂಬರ್ ಹಾಕಿ, ಪಾರ್ಟ್‌ನರ್ ಫಂಕ್ಷನ್ ಎಸ್‌ಎಚ್ (ಶಿಪ್-ಟು) ಅಂತ ಕೊಡಿ. 000000 ಬಿಟ್ಟು ಬೇರೆ ಐಟಂ ನಂಬರ್ ಕಂಡರೆ, ಆ ಐಟಂಗಳನ್ನು ಒಂದೊಂದಾಗಿ ತೆರೆದು ತಿದ್ದಿ.