ಇಡವೇಳ ಮುಗಿಯುವುದೇ ಇಲ್ಲ: ಪ್ರೊಜೆಕ್ಟರ್ ಕತೆ, ಕಂತು 7

ಬಾಲ ಹೋಯಿತು! ಪರದೆಯ ಅಕ್ಷರಕ್ಕೆ ಅಂಟಿಕೊಂಡು ಹನ್ನೊಂದು ವಾರ ನನ್ನ ತಲೆ ತಿಂದ ಬಾಲ ನಿನ್ನೆ ರಾತ್ರಿ ಒಂಬತ್ತೂವರೆಗೆ ಹೋಯಿತು. ಇದನ್ನು ಬರೆಯಲು ಕೂತ ಮೇಲೂ ಒಮ್ಮೆ ಎದ್ದು ಹೋಗಿ ನೋಡಿ ಬಂದೆ. ಇಲ್ಲ, ಮತ್ತೆ ಬಂದಿಲ್ಲ.

ಹೊಸಬರಿಗೆ ಎರಡು ಮಾತು. ಕುಂಬಳೆಯ ಗುಜರಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ, ಟಾಕೀಸಿನ 35 ಎಂಎಂ ಪ್ರೊಜೆಕ್ಟರ್ ಮೆಷಿನ್ ಈಗ ನಮ್ಮ ಖಾಲಿ ಹಟ್ಟಿಯಲ್ಲಿ ನಿಂತಿದೆ. ಹೆಸರಿನ ತಗಡನ್ನು ಯಾರೋ ಮೊದಲೇ ಕಿತ್ತಿದ್ದಾರೆ. ಯಾವ ಕಂಪನಿಯದ್ದು ಎಂದು ಕೇಳಬೇಡಿ. ಗಟ್ಟಿಯಾದ ಗ್ರೀಸು ಕೆರೆದದ್ದು, ಬೇರಿಂಗ್ ಬದಲಿಸಿದ್ದು, ಹಿಂದೆ ಬೆಳಕಿಗಾಗಿ ಕಾರ್ಬನ್ ಕಡ್ಡಿ ಉರಿಯುತ್ತಿದ್ದ ಗೂಡಿನೊಳಗೆ 100 ವ್ಯಾಟಿನ ಎಲ್‌ಇಡಿ ಕೂರಿಸಿದ್ದು, ಇದೆಲ್ಲ ನೀವೂ ಮಾಡಿದವರೇ. ಪರದೆ ಎಂದರೆ ಅಪ್ಪನ ಎರಡು ಪಂಚೆ. ಕರೆ ಒಳಗೆ ಹೋಗುವ ಹಾಗೆ ಮಡಚಿ ಹೊಲಿದದ್ದು.

ಟೆಸ್ಟಿಗೆ ನನ್ನ ಹತ್ತಿರ ಇರುವುದು ಒಂದೇ ತುಂಡು. ಮೆಷಿನಿನ ಜೊತೆ ಬಂದ ಡಬ್ಬಿಗಳಲ್ಲಿ ರೀಲೆಲ್ಲ ವಿನೆಗರ್ ವಾಸನೆ ಹೊಡೆಯುತ್ತಿತ್ತು. ಅಸಿಟೇಟ್ ಫಿಲ್ಮಿನ ಹಣೆಬರಹವೇ ಅದು. ಸುರುಟಿ, ಕುಗ್ಗಿ, ಸ್ಪ್ರಾಕೆಟಿನ ಹಲ್ಲಿಗೆ ಕೂರುವುದೇ ಇಲ್ಲ. ಸರಿಯಾಗಿ ಉಳಿದದ್ದು 12 ಅಡಿ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮಲಯಾಳದಲ್ಲಿ ‘ಇಡವೇಳ’. ಅಂದರೆ ಇಂಟರ್ವಲ್. ಎರಡೂ ತುದಿ ಅಂಟಿಸಿ ಲೂಪ್ ಮಾಡಿ, ಜಂತಿಗೆ ಕಟ್ಟಿದ ರಾಟೆಯ ಮೇಲೆ ಬಿಟ್ಟೆ. ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಫ್ರೇಮು. ಎಂಟು ಸೆಕೆಂಡಿಗೆ ಒಂದು ಸುತ್ತು. ಹೀಗೆ ಹನ್ನೊಂದು ವಾರದಿಂದ ನಮ್ಮ ಮನೆಯಲ್ಲಿ ಇಂಟರ್ವಲ್. “ಸಿನಿಮಾ ಶುರುವಾಗುವುದು ಯಾವಾಗ ಮಾರಾಯ?” ಎಂದು ಅಮ್ಮ ದಿನಾ ಕೇಳುತ್ತಾರೆ.

ಬಾಲದ ವಿಷಯಕ್ಕೆ ಬರುತ್ತೇನೆ. ಅಕ್ಷರದ ಮೇಲೆ ಹೊಗೆ ಎದ್ದ ಹಾಗೆ ಬಿಳಿ ಗೆರೆ. ಇದು ಶಟರ್ ಟೈಮಿಂಗ್ ತಪ್ಪಿದ್ದು ಎಂದು ಕಣ್ಣು ಮುಚ್ಚಿ ಹೇಳಬಹುದು. ಶಟರ್ ಎಂದರೆ ಬೆಳಕಿನ ದಾರಿಯಲ್ಲಿ ತಿರುಗುವ ಎರಡು ಬ್ಲೇಡು, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಫಿಲ್ಮು ಜಾರುವಾಗ ಬೆಳಕು ಮುಚ್ಚುವುದು ಅದರ ಕೆಲಸ. ಜಾರುವಾಗ ಬೆಳಕು ಬಿದ್ದರೆ ಬಾಲ. ಚಿತ್ರ ತಲೆಕೆಳಗಾಗಿ ಹೋಗುವುದರಿಂದ, ಬಾಲ ಮೇಲಕ್ಕಿದ್ದರೆ ಶಟರ್ ಮುಚ್ಚುವುದು ತಡ, ಕೆಳಕ್ಕಿದ್ದರೆ ತೆರೆಯುವುದು ಬೇಗ. ಗ್ರಬ್ ಸ್ಕ್ರೂ ಸಡಿಲ ಮಾಡಿ ಶಟರನ್ನು ಒಂಚೂರು ತಿರುಗಿಸಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಚಾ ಕೂಡ ಕುಡಿಯದೆ ಕೂತೆ.

ತಿರುಗಿಸಿದೆ. ಮೇಲಿನ ಬಾಲ ಹೋಯಿತು, ಕೆಳಗೆ ಬಂತು. ಹಿಂದಕ್ಕೆ ತಿರುಗಿಸಿದೆ. ಕೆಳಗಿನದು ಹೋಯಿತು, ಮೇಲೆ ಬಂತು. ಸರಿಯಾಗಿ ನಡುವೆ ನಿಲ್ಲಿಸಿದರೆ ಎರಡೂ ಕಡೆ ಅರ್ಧರ್ಧ. ‘ಇಡವೇಳ’ಕ್ಕೆ ಮೀಸೆಯೂ ಬಂತು, ಗಡ್ಡವೂ ಬಂತು.

ಎರಡೂ ಕಡೆ ಬಾಲ ಎಂದರೆ ಗೇರಿನಲ್ಲಿ ಆಟ ಇರಬೇಕು. ನನ್ನ ತಲೆ ಓಡಿದ್ದು ಆ ಕಡೆಗೆ, ಮತ್ತೆ ತಿರುಗಿ ನೋಡಲೇ ಇಲ್ಲ. ಶಟರ್ ಶಾಫ್ಟಿನ ಓರೆ ಹಲ್ಲಿನ ಗೇರು ಕೈಯಲ್ಲಿ ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು ಬೇರೆ. ಚೆನ್ನೈಯ ಒಬ್ಬ ಬಿಡಿಭಾಗದ ವ್ಯಾಪಾರಿಗೆ ಫೋಟೋ, ಅಳತೆ, ಹಲ್ಲಿನ ಲೆಕ್ಕ ಎಲ್ಲ ಕಳಿಸಿದೆ. ಮೂರು ವಾರ ಕಾದ ಮೇಲೆ ಬಂದದ್ದು ಉಲ್ಟಾ ಓರೆಯ ಗೇರು. ಬಲಕ್ಕೆ ಬಾಗಬೇಕಾದ ಹಲ್ಲು ಎಡಕ್ಕೆ ಬಾಗಿತ್ತು. ಫೋನ್ ಮಾಡಿದರೆ “ಎಲ್ಲ ಒಂದೇ ಸರ್, ಸ್ವಲ್ಪ ಅರ ಹಾಕಿ ಕೂರಿಸಿ” ಅಂದರು. ಎಡಗಾಲಿನ ಚಪ್ಪಲಿಯನ್ನು ಅರ ಹಾಕಿ ಬಲಗಾಲಿಗೆ ಕೂರಿಸಿದ ಹಾಗೆ! ವಾಪಸ್ ಕಳಿಸಿದೆ, ಕೊರಿಯರ್ ಖರ್ಚು ನನ್ನದೇ. ಎರಡನೆಯ ಸಲ ಸರಿಯಾದದ್ದು ಬಂತು. ಹಾಕಿದೆ. ಕಟಕಟ ನಿಂತಿತು. ಬಾಲ ಎಲ್ಲಿಗೂ ಹೋಗಲಿಲ್ಲ.

ಆ ಶನಿವಾರ ಸಿಟ್ಟು ತಡೆಯಲಾಗದೆ ಕಾಸರಗೋಡು ಪೇಟೆಗೆ ಹೋಗಿ ಒಂದು ಮಲಯಾಳ ಸಿನಿಮಾ ನೋಡಿದೆ. ಫಸ್ಟ್ ಶೋ. ಸಿನಿಮಾದ ಬಗ್ಗೆ ಹೇಳುವುದಾದರೆ, ಮೊದಲರ್ಧ ಚೆನ್ನಾಗಿತ್ತು. ಎರಡನೆಯ ಅರ್ಧದಲ್ಲಿ ಹೀರೋ ನಿಧಾನಕ್ಕೆ ನಡೆದು ಬರುವುದು ಆರು ಸಲ. ನಾನು ಎಣಿಸಿದೆ. ಅಷ್ಟು ನಡೆದಿದ್ದರೆ ಗಡಿಯ ತಲಪಾಡಿ ತಲುಪುತ್ತಿದ್ದ. ಆದರೂ ಅಪ್ಪನಾಗಿ ಬಂದ ನಟ, ಮಗನ ಜೊತೆ ಜಗಳವಾದ ಮೇಲೆ ಒಬ್ಬನೇ ಕೂತು ಮೀನು ಮುಳ್ಳು ಬಿಡಿಸಿ ಬಿಡಿಸಿ ಉಣ್ಣುತ್ತಾನೆ. ಮಾತಿಲ್ಲ, ಹಿನ್ನೆಲೆ ಸಂಗೀತ ಇಲ್ಲ. ಅದೊಂದು ದೃಶ್ಯಕ್ಕೆ ಟಿಕೆಟಿನ ದುಡ್ಡು ವಸೂಲಾಯಿತು. ಪರದೆ ಮಾತ್ರ ಮಂಕು. ರಾತ್ರಿಯ ದೃಶ್ಯಗಳಲ್ಲಿ ಬಾಗಿಲ ಮೇಲಿನ ಹಸಿರು ದೀಪವೇ ಹೀರೋಗಿಂತ ಚೆನ್ನಾಗಿ ಕಾಣುತ್ತಿತ್ತು. ಕಾಲು ಚಾಚುವ ಸೀಟು ಹಾಕಿದ್ದಾರೆ, ದೀಪ ಬದಲಿಸಿಲ್ಲ. ನನಗೆ ಸೀಟು ಹೇಗಿದ್ದರೂ ನಡೆಯುತ್ತದೆ, ಬೆಳಕು ಬೇಕು. ಪಕ್ಕದವರು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಎರಡೂ ಒಂದೇ. ಕನ್ನಡ ಸಿನಿಮಾ ಬೇಕೆಂದರೆ ಹೆಚ್ಚಿನ ಸಲ ಮಂಗಳೂರಿಗೇ ಹೋಗುವುದು. ಐವತ್ತು ಕಿಲೋಮೀಟರ್ ಹೋಗಿ, ಐವತ್ತು ಕಿಲೋಮೀಟರ್ ಬಂದು, ಸಿನಿಮಾ ಸುಮಾರು ಎಂದು ಹೇಳಲು ಮನಸ್ಸು ಬರುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಎಲ್ಲ ಕನ್ನಡ ಸಿನಿಮಾಗಳೂ ಚೆನ್ನಾಗಿವೆ.

ಶೋಗೆ ಮೊದಲು ಜವಳಿ ಅಂಗಡಿ, ಚಿನ್ನದ ಅಂಗಡಿ ಎಂದು ಹತ್ತು ನಿಮಿಷ ಜಾಹೀರಾತು. ಅದನ್ನು ನೋಡುವಾಗ ಹೊಳೆಯಿತು, ಹಿಂದೆ ಟಾಕೀಸಿನಲ್ಲಿ ಗಾಜಿನ ಸ್ಲೈಡ್ ತೋರಿಸುತ್ತಿದ್ದರಲ್ಲ? ದೀಪದ ಕಪ್ಪು ಹಿಡಿಸಿದ ಗಾಜಿನ ಮೇಲೆ ಸೂಜಿಯಲ್ಲಿ ಗೀಚಿದರೆ ಬಿಳಿ ಅಕ್ಷರ ಬರುತ್ತದೆ. ಉಲ್ಟಾ ಬರೆಯುವ ಕಷ್ಟವೂ ಇಲ್ಲ, ಗಾಜನ್ನೇ ತಿರುಗಿಸಿ ಹಾಕಿದರಾಯಿತು. ಮೇಲೆ ಇನ್ನೊಂದು ಗಾಜು ಮುಚ್ಚಿ ಸುತ್ತ ಟೇಪು. ಮಳೆಗಾಲದಲ್ಲಿ ಇದೇ ಕೆಲಸ. ನಮ್ಮ ಕಡೆಯ ಗೋಡೆಗಳ ಮೇಲೆ ಕನ್ನಡ, ಮಲಯಾಳ ಎರಡೂ ಇರುವ ಹಾಗೆ ನನ್ನ ಸ್ಲೈಡಿನಲ್ಲೂ ಎರಡೂ ಇರಬೇಕು. ಹಳೆಯ ಕಿಟಕಿ ಗಾಜು ತೆಗೆದಿಟ್ಟಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ಇರಲಿ. ಇಂಟರ್ವಲಿನಲ್ಲಿ ಗೇಟಿನವರ ಹತ್ತಿರ ಸುಮ್ನೆ ಮಾತಿಗೆ ನಿಂತೆ. ನನ್ನ ಮೆಷಿನ್ ಯಾವ ಟಾಕೀಸಿನದ್ದು ಎಂದು ಹೇಳಿದೆ. “ಅದರ ಆಪರೇಟರ್ ಇದ್ದಾರಲ್ಲ, ನೀರ್ಚಾಲಿನ ಕಡೆ” ಅಂದರು ಅವರು! ಹನ್ನೊಂದು ವಾರದಲ್ಲಿ ನನಗೆ ಹೊಳೆಯದ ಸಂಗತಿ. ಮೆಷಿನಿಗೆ ಒಬ್ಬ ಆಪರೇಟರ್ ಇದ್ದೇ ಇರುತ್ತಾರೆ, ಅಲ್ವಾ?

ನಿನ್ನೆ ಆ ಆಪರೇಟರ್ ಮಾಮನನ್ನು ರಿಕ್ಷಾದಲ್ಲಿ ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದ್ದಾರೆ, ಬಲಗಣ್ಣಿಗೆ ಆಪರೇಷನ್ ಆಗಿದೆ. ಹಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಲೂಪ್ ಓಡಿಸಿದೆ. ಪರದೆಯ ಕಡೆ ಒಂದು ನಿಮಿಷ ನೋಡಿದರು. “ನಿಲ್ಲಿಸು ಮೋನೇ” ಅಂದರು. ಮೆಷಿನಿನ ಹಿಂದಕ್ಕೆ ಹೋಗಿ ಶಟರ್ ಬ್ಲೇಡಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಕರ್ ಎಂದಿತು. ಆಮೇಲೆ ಒಬ್ಬರೇ ನಗಲು ಶುರು.

“ಇದು ನನ್ನ ಅರದ ಕೆಲಸ.”

ಕತೆ ಇಷ್ಟು. ಫಸ್ಟ್ ಶೋ ಹೊತ್ತಿಗೆ ಊರಲ್ಲೆಲ್ಲ ದೀಪ ಹೊತ್ತಿ ವೋಲ್ಟೇಜ್ ಬೀಳುತ್ತಿತ್ತು. ಕಾರ್ಬನ್ ಉಳಿಸಬೇಕೆಂದು ಮಾಲಕರ ಹಟ. ಗಿಡ್ಡ ತುಂಡುಗಳನ್ನೂ ತಾಮ್ರದ ಕೊಳವೆಯಲ್ಲಿ ಜೋಡಿಸಿ ಉರಿಸಬೇಕು. ಪರದೆ ಮಂಕಾದರೆ ಬೆಂಚಿನವರು ಸಿಳ್ಳೆ ಹಾಕಿ “ಲೈಟ್! ಲೈಟ್!” ಎಂದು ಕಿರುಚುತ್ತಿದ್ದರು. ಬೈಗುಳ ಎಲ್ಲ ಆಪರೇಟರಿಗೆ. ಒಂದು ದಿನ ಮಾಮ ಶಟರ್ ಬಿಚ್ಚಿ ಎರಡೂ ಬ್ಲೇಡನ್ನು ಕತ್ತರಿಸಿ, ಅಂಚಿಗೆ ಅರ ಹಾಕಿಬಿಟ್ಟರು. ಮರುದಿನದಿಂದ ಸಿಳ್ಳೆ ನಿಂತಿತು.

“ಬಾಲ ಕಾಣುತ್ತಿರಲಿಲ್ಲವಾ ಮಾಮ?”

“ಟೈಟಲಿನಲ್ಲಿ ಮಾತ್ರ ಕಾಣುವುದು. ಟೈಟಲ್ ಬೀಳುವಾಗ ಯಾರು ನೋಡುತ್ತಾರೆ? ಎಲ್ಲರೂ ಜಾಗ ಹುಡುಕುತ್ತಿರುತ್ತಾರೆ.”

ಅಕ್ಕನ ಮಗಳ ಕಂಪಾಸ್ ಪೆಟ್ಟಿಗೆಯಿಂದ ಪ್ರೊಟ್ರಾಕ್ಟರ್ ತಂದು ಅಳೆದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಬೈಯಬೇಡಿ. ಬ್ಲೇಡು ತಲಾ 72 ಡಿಗ್ರಿ. ಫಿಲ್ಮನ್ನು ನಿಲ್ಲಿಸಿ ನಿಲ್ಲಿಸಿ ಎಳೆಯುವ ನಾಲ್ಕು ಸೀಳಿನ ಚಕ್ರ, ಅಂದರೆ ಮಾಲ್ಟೀಸ್ ಕ್ರಾಸ್, ಒಂದು ಫ್ರೇಮನ್ನು ಎಳೆಯಲು ಅದನ್ನು ತಿರುಗಿಸುವ ಪಿನ್ನಿನ ಕಾಲು ಸುತ್ತು ತೆಗೆದುಕೊಳ್ಳುತ್ತದೆ, ಅಂದರೆ 90 ಡಿಗ್ರಿ. ಎಳೆಯುವಷ್ಟು ಹೊತ್ತೂ ಬ್ಲೇಡು ಮುಚ್ಚಿರಬೇಕಾದರೆ 72 ಎಲ್ಲಿಗೆ ಸಾಕು? ಎರಡು ಬ್ಲೇಡೂ 90 ಇದ್ದರೆ ಬೆಳಕಿನಲ್ಲಿ ಅರ್ಧ ಮಾತ್ರ ಪರದೆಗೆ ಹೋಗುತ್ತದೆ. 72 ಮಾಡಿದರೆ ನೂರಕ್ಕೆ 60. ಐವತ್ತು ಇದ್ದದ್ದು ಅರವತ್ತಾಯಿತು. ಒಂದು ಪೈಸೆ ಖರ್ಚಿಲ್ಲದೆ ಐದರಲ್ಲಿ ಒಂದು ಪಾಲು ಜಾಸ್ತಿ ಬೆಳಕು. ಎರಡನ್ನೂ ಸಮ ಕತ್ತರಿಸಿದ್ದಾರೆ ನೋಡಿ, ಅದು ಜಾಣತನ. ಒಂದನ್ನೇ ಕತ್ತರಿಸಿದ್ದರೆ ಚಿತ್ರ ಮಿಣಮಿಣ ಅನ್ನುತ್ತಿತ್ತು. ಇಷ್ಟು ದಿನ ‘ಯಾವನೋ ಹಾಳು ಮಾಡಿದ ಮೆಷಿನ್’ ಎಂದು ನಾನು ಬೈಯುತ್ತಿದ್ದೆ. ಆ ‘ಯಾವನೋ’ ನನ್ನೆದುರು ಕೂತು ಅಮ್ಮ ಕೊಟ್ಟ ಹಲಸಿನ ಹಪ್ಪಳ ತಿನ್ನುತ್ತಿದ್ದರು.

ಮೊದಲು ಅಡಿಕೆ ಹಾಳೆಯಿಂದ 18 ಡಿಗ್ರಿಯ ಎರಡು ತುಂಡು ಕತ್ತರಿಸಿ ಟೇಪಿನಲ್ಲಿ ಅಂಟಿಸಿದೆ, ಸುಮ್ನೆ ಪರೀಕ್ಷೆಗೆ. ಶಟರ್ ನಿಮಿಷಕ್ಕೆ 1440 ಸುತ್ತು. ಹತ್ತು ಸೆಕೆಂಡು ಬಾಲವಿಲ್ಲದ ‘ಇಡವೇಳ’ ಕಂಡಿತು. ಹನ್ನೊಂದನೆಯದಕ್ಕೆ ಒಂದು ಹಾಳೆ ಸುಂಯ್ ಎಂದು ಹಾರಿ ಗೊಬ್ಬರದ ಚೀಲಕ್ಕೆ ಕಂತಿ ನಿಂತಿತು. ಮಾಮ ಹಪ್ಪಳ ಹಿಡಿದುಕೊಂಡೇ ಕಂಬದ ಹಿಂದಕ್ಕೆ ಸರಿದರು.

ಆಮೇಲೆ ತೆಂಗಿನೆಣ್ಣೆ ಡಬ್ಬಿಯ ತಗಡು, ನಾಲ್ಕು ರಿವೆಟ್, ಕಪ್ಪು ಪೇಂಟು. ಅಡಿಗೆಮನೆಯ ತಕ್ಕಡಿಯಲ್ಲಿ ಒಂದು ತುಂಡು 11 ಗ್ರಾಂ, ಇನ್ನೊಂದು 13. ಎರಡು ಗ್ರಾಂ ತಾನೇ ಎಂದು ಹಾಗೆಯೇ ಹಾಕಿದರೆ ಮೆಷಿನ್ ಜ್ವರ ಬಂದ ಹಾಗೆ ನಡುಗಿತು. ಬಿಚ್ಚಿ, ಕತ್ತರಿಸಿ, ಸಮ ಮಾಡಿ ಮತ್ತೆ ಹಾಕುವಾಗ ಒಂಬತ್ತೂವರೆ. ಟೈಮಿಂಗ್ ಮಾಮನೇ ಮಾಡಿದರು. ಕೈಯಲ್ಲಿ ಶಾಫ್ಟ್ ತಿರುಗಿಸುತ್ತಾ, ಬೆಳಕು ಬೀಳುವ ಕಿಂಡಿಯಲ್ಲಿ ಫಿಲ್ಮು ಅಲುಗುವ ಮೊದಲೇ ಬ್ಲೇಡು ಮುಚ್ಚಿತೋ ಎಂದು ನೋಡಿ, ಸ್ಕ್ರೂ ಬಿಗಿದರು. ಎರಡು ನಿಮಿಷ. ನನ್ನ ಹನ್ನೊಂದು ವಾರ.

ಓಡಿಸಿದೆವು. ಕಪ್ಪಿನ ಮೇಲೆ ಬಿಳಿ. ಅಂಚು ಬ್ಲೇಡಿನಲ್ಲಿ ಕೊರೆದ ಹಾಗೆ. ಮೀಸೆ ಇಲ್ಲ, ಗಡ್ಡ ಇಲ್ಲ. ಅಮ್ಮ ಕೂಡ ಬಂದು ಹಿಂಡಿ ಡಬ್ಬದ ಮೇಲೆ ಕೂತರು. ಮೂವರೂ ಕಾಲು ಗಂಟೆ ‘ಇಡವೇಳ’ ನೋಡಿದೆವು.

ಮುಂದಿನದ್ದು ಸೌಂಡು. ಫಿಲ್ಮಿನ ಸೌಂಡ್ ಟ್ರ್ಯಾಕ್ ಓದಲು ಬೆಳಕು ಕೊಡುವ ಎಕ್ಸೈಟರ್ ದೀಪಕ್ಕೆ ಎಸಿ ಕರೆಂಟು ಕೊಟ್ಟರೆ ಗುಂಯ್ ಅನ್ನುತ್ತದೆ, ಬ್ಯಾಟರಿ ಹಾಕಬೇಕೋ ಕೆಂಪು ಎಲ್‌ಇಡಿ ಹಾಕಬೇಕೋ ಎಂದು ಯೋಚನೆ. ಮಾಡಿದವರು ಇದ್ದರೆ ಹೇಳಿ. ‘ಇಡವೇಳ’ದ ತುಂಡಿನಲ್ಲಿ ಸೌಂಡ್ ಟ್ರ್ಯಾಕ್ ಖಾಲಿ, ಹಾಗಾಗಿ ಬೇರೆ ರೀಲು ಹುಡುಕಬೇಕು.

ರಿಕ್ಷಾ ಬಂದಾಗ ಮಾಮ ಚಪ್ಪಲಿ ಹಾಕಿಕೊಂಡು ಮತ್ತೊಮ್ಮೆ ಪರದೆಯ ಕಡೆ ತಿರುಗಿದರು. ಕಣ್ಣು ಕಿರಿದು ಮಾಡಿ ನೋಡಿದರು.

“ಬಾಲ ಹೋಯಿತು, ಸರಿ. ಆದರೆ ಸ್ವಲ್ಪ ಮಂಕಾಯಿತಲ್ಲ ಮೋನೇ? ಅರ ಉಂಟಾ ಇಲ್ಲಿ?”