ಹೊಸ ಕಟ್ಟಡಕ್ಕೆ ಹಣವಿದೆ, ಸೋರುವ ತಾರಸಿಗೆ ಏಕಿಲ್ಲ?

ವಿಶ್ವವಿದ್ಯಾಲಯದ ಕಟ್ಟಡ, ನೀರು, ವಿದ್ಯುತ್ತು, ಅಂಗಳ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಅಧ್ಯಾಪಕರಿಂದ ಹಿಡಿದು ವಿದ್ಯಾರ್ಥಿಗಳವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಹೊಸ ಬ್ಲಾಕ್ ಏಳ್ತಾ ಇದೆ, ಇಲ್ಲಿ ನಮ್ಮ ಕ್ಲಾಸ್‌ರೂಮ್ ಸೋರ್ತಾ ಇದೆ. ಅದಕ್ಕೆ ದುಡ್ಡಿದೆ, ಇದಕ್ಕೆ ಯಾಕಿಲ್ಲ?" ಈ ಪ್ರಶ್ನೆಯೊಳಗಿನ ಸಿಟ್ಟು ನ್ಯಾಯವಾದದ್ದು. ಉತ್ತರ ಸ್ವಲ್ಪ ಉದ್ದ.

ಮೊದಲನೆಯದು ಲೆಕ್ಕಪತ್ರದ ಕಾರಣ. ಹೊಸ ಕಟ್ಟಡದ ಹಣ ಬಂಡವಾಳ ವೆಚ್ಚದ ಬಾಬಿಗೆ ಸೇರಿದ್ದು. ಅನುದಾನವೋ ದಾನಿಗಳ ಕೊಡುಗೆಯೋ ಸಾಲವೋ, ಇಂಥ ಕಟ್ಟಡಕ್ಕೆಂದು ಬಂದದ್ದನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ರಿಪೇರಿಯ ಹಣ ಬರುವುದು ವರ್ಷದ ಚಾಲ್ತಿ ಖರ್ಚಿನಿಂದ, ಅದೂ ಸಂಬಳ, ವಿದ್ಯುತ್ ಬಿಲ್ಲು ಎಲ್ಲ ಕಟ್ಟಿ ಮಿಕ್ಕಿದ್ದರಲ್ಲಿ. ಬಜೆಟ್ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದು ಇದಕ್ಕೇ. ಸಂಬಳ ತಪ್ಪಿದರೆ ಆ ತಿಂಗಳೇ ಗಲಾಟೆ ಏಳುತ್ತದೆ. ತಾರಸಿಯ ವಾಟರ್‌ಪ್ರೂಫಿಂಗ್ ಬದಲಿಸುವುದನ್ನು ಮುಂದಕ್ಕೆ ಹಾಕಿದರೆ ನಾಲ್ಕೈದು ವರ್ಷ ಯಾರ ಗಮನಕ್ಕೂ ಬರುವುದಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಕಟ್ಟಡಕ್ಕೆ ಒಪ್ಪಿಗೆ ಕೊಡುವ ಸಭೆಯಲ್ಲಿ ಅದನ್ನು ಕಟ್ಟುವ ಖರ್ಚು ಮಾತ್ರ ಚರ್ಚೆಯಾಗುತ್ತದೆ, ಸಾಕುವ ಖರ್ಚು ಆಗುವುದಿಲ್ಲ. ಸಾರ್ವಜನಿಕ ಕಟ್ಟಡಗಳ ನಿರ್ವಹಣೆ, ದುರಸ್ತಿಗೆ ಪ್ರತಿವರ್ಷ ಎಷ್ಟು ಮೀಸಲಿಡಬೇಕು ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಒಂದು ಅಳತೆ ಕೊಟ್ಟಿತು: ಆ ಕಟ್ಟಡಗಳನ್ನೇ ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ತಗಲುವ ಮೊತ್ತದ ಶೇ. 2ರಿಂದ 4. ಈ ವೃತ್ತಿಯವರು ಇಂದಿಗೂ ಲೆಕ್ಕ ಶುರುಮಾಡುವುದು ಇಲ್ಲಿಂದಲೇ. ವಿದ್ಯುತ್ತು, ಕಸಗುಡಿಸುವುದು, ಭದ್ರತೆ ಇದರೊಳಗೆ ಬರುವುದಿಲ್ಲ. ಶೇ. 3 ಎಂದಿಟ್ಟುಕೊಂಡರೂ ಸುಮಾರು 33 ವರ್ಷದಲ್ಲಿ ದುರಸ್ತಿಯ ಖರ್ಚು ಇನ್ನೊಂದು ಕಟ್ಟಡದ ಬೆಲೆಯನ್ನು ಮುಟ್ಟುತ್ತದೆ. ಹಾಗಾಗಿ ಹೊಸ ಕಟ್ಟಡ ಕಾಗದದ ಮೇಲೆ ಆಸ್ತಿಯಾಗಿ ಕಂಡರೂ ಅದರ ಬೆನ್ನಿಗೇ ಒಂದು ಹೊಣೆ ಅಂಟಿಕೊಂಡು ಬರುತ್ತದೆ. ಅಂದು ಒಪ್ಪಿಗೆ ಕೊಟ್ಟವರು ಆ ಹೊಣೆ ಹಣ್ಣಾಗುವ ಹೊತ್ತಿಗೆ ಅಧಿಕಾರದಲ್ಲಿರುವುದಿಲ್ಲ.

ವರ್ಷಕ್ಕೆ 3 ಬೇಕಾದಲ್ಲಿ 1 ಮಾತ್ರ ಕೊಟ್ಟರೆ ಏನಾಗುತ್ತದೆ? ಉಳಿದ 2 ಮಾಯವಾಗುವುದಿಲ್ಲ, ಮುಂದೂಡಿದ ದುರಸ್ತಿಯಾಗಿ ಕೂಡುತ್ತ ಹೋಗುತ್ತದೆ. ಇದನ್ನು ಅಳೆಯುವ ಒಂದು ಸರಳ ಸೂಚ್ಯಂಕ 1991ರಲ್ಲಿ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳ ಹಣಕಾಸು ಅಧಿಕಾರಿಗಳ ಸಂಘದ ಪ್ರಕಟಣೆಯ ಮೂಲಕ ಬಳಕೆಗೆ ಬಂತು. ಬಾಕಿ ಉಳಿದ ದುರಸ್ತಿಯ ಮೊತ್ತವನ್ನು ಮರುನಿರ್ಮಾಣದ ಮೊತ್ತದಿಂದ ಭಾಗಿಸಬೇಕು. ಶೇ. 5ರೊಳಗಿದ್ದರೆ ಕಟ್ಟಡ ಚೆನ್ನಾಗಿದೆ, 5ರಿಂದ 10 ಆದರೆ ಪರವಾಗಿಲ್ಲ, 10 ದಾಟಿದರೆ ಸ್ಥಿತಿ ಕೆಟ್ಟಿದೆ. ಮೇಲಿನ ಲೆಕ್ಕದಂತೆ ಹತ್ತು ವರ್ಷ ಕಳೆದರೆ ಸೂಚ್ಯಂಕ 20. ಸಣ್ಣ ದೋಷ ದೊಡ್ಡದಾಗುವ ಬೆಳವಣಿಗೆಯನ್ನು ಇದಕ್ಕೆ ಇನ್ನೂ ಸೇರಿಸಿಲ್ಲ.

ಆ ಬೆಳವಣಿಗೆ ಹೇಗೆ ಆಗುತ್ತದೆ ಎಂಬುದಕ್ಕೆ ತಾರಸಿಯೇ ಒಳ್ಳೆಯ ಉದಾಹರಣೆ. ಸಮತಟ್ಟಾದ ತಾರಸಿ ನಡುವೆ ಸೋರುವುದು ಅಪರೂಪ. ಸೋರುವುದು ಸೇರುವೆಗಳಲ್ಲಿ: ಪ್ಯಾರಪೆಟ್ ಗೋಡೆಯ ಬುಡ, ಪೈಪು ತೂರಿಹೋದ ಜಾಗ, ಮಳೆನೀರು ಇಳಿಯುವ ಬಾಯಿ. ಎಲೆ, ಪ್ಲಾಸ್ಟಿಕ್ ಸೇರಿ ಆ ಬಾಯಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ನಿಂತ ನೀರು ಸೇರುವೆಯ ಬಿರುಕು ಹುಡುಕಿಕೊಳ್ಳುತ್ತದೆ. ಅಲ್ಲಿಂದ ಕಾಂಕ್ರೀಟಿನೊಳಗಿನ ಕಂಬಿಗೆ ತೇವ ತಗಲುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಸಿಡಿದು ಚಕ್ಕೆ ಉದುರುತ್ತದೆ, ಕಂಬಿ ಬಯಲಾಗುತ್ತದೆ, ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಅರ್ಧ ಗಂಟೆ ಜಾಲರಿ ಚೊಕ್ಕಟ ಮಾಡಿದ್ದರೆ ತಪ್ಪುತ್ತಿದ್ದ ಕೆಲಸಕ್ಕೆ ಈಗ ಸ್ಲ್ಯಾಬ್ ದುರಸ್ತಿ, ವೈರಿಂಗ್ ಬದಲಾವಣೆ, ಫಾಲ್ಸ್ ಸೀಲಿಂಗ್, ಬಣ್ಣ ಎಲ್ಲವೂ ಬೇಕು. ಕೆಲಸ ಮುಗಿಯುವವರೆಗೆ ಕೊಠಡಿಗೆ ಬೀಗ.

ಸೋರಿದ ಕಲೆ ಕಂಡ ಜಾಗದ ನೇರ ಮೇಲೆಯೇ ತೂತಿದೆ ಎಂದುಕೊಳ್ಳಬಾರದು. ನೀರು ಸ್ಲ್ಯಾಬಿನ ಮೇಲೆ, ಕೊಳವೆಯ ಗುಂಟ ಮೀಟರುಗಟ್ಟಲೆ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಒಳಗಿನಿಂದ ಸೀಲಿಂಗಿಗೆ ಕೆಮಿಕಲ್ ಬಳಿಯುವುದು ಬರೀ ಕಲೆ ಮುಚ್ಚುವ ಕೆಲಸ. ನೀರನ್ನು ತಡೆಯಬೇಕಾದ್ದು ಮೇಲಿನಿಂದ. ತಾರಸಿಯ ಇಳಿಜಾರು ಕನಿಷ್ಠ 100ಕ್ಕೆ 1 ಇರಬೇಕು, 80ಕ್ಕೆ 1 ಇದ್ದರೆ ಮೇಲು. ವಾಟರ್‌ಪ್ರೂಫಿಂಗ್ ಪದರವನ್ನು ಪ್ಯಾರಪೆಟ್ ಗೋಡೆಯ ಮೇಲೆ 150 ಮಿ.ಮೀ. ಎತ್ತರಕ್ಕೆ ಮಡಿಚಿ ಹತ್ತಿಸಬೇಕು. ಎಷ್ಟೇ ಸಣ್ಣ ತಾರಸಿಯಾದರೂ ನೀರಿಳಿಯಲು ಎರಡು ಬಾಯಿ ಬೇಕು, ಜೊತೆಗೆ ಅವೆರಡೂ ಕಟ್ಟಿಕೊಂಡರೆ ನೀರು ಹೊರಚೆಲ್ಲಲು ಪ್ಯಾರಪೆಟ್ಟಿನಲ್ಲಿ ಒಂದು ಕಿಂಡಿ. ಹೊಸ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಬಾಯಿ ಮುಚ್ಚಿ, ಸುಮಾರು 50 ಮಿ.ಮೀ. ನೀರು ನಿಲ್ಲಿಸಿ, 48ರಿಂದ 72 ಗಂಟೆ ಬಿಟ್ಟು ಕೆಳಗಿನಿಂದ ನೋಡಬೇಕು. ಆಮೇಲೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಮ್ಮೆ ನಂತರ ಒಮ್ಮೆ, ಯಾರಾದರೂ ತಾರಸಿಗೆ ಹತ್ತಲೇಬೇಕು. ಆಂಟೆನಾ, ಏಸಿಯ ಹೊರಘಟಕ, ಸೋಲಾರ್ ಸ್ಟ್ಯಾಂಡ್ ಕೂರಿಸಲು ಬಂದವರು ವಾಟರ್‌ಪ್ರೂಫಿಂಗ್ ಮೇಲೇ ಡ್ರಿಲ್ ಮಾಡಿ ಹೋಗುವುದು ಬಹಳ ಸಾಮಾನ್ಯ. ತಾರಸಿಯ ಬೀಗದ ಕೈ ನಿರ್ವಹಣಾ ವಿಭಾಗದ ಬಳಿಯೇ ಇರಬೇಕು, ಲಿಖಿತ ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯಬಾರದು.

ಕಟ್ಟಡದ ಒಡಲಿಗೆ 60 ವರ್ಷಕ್ಕೂ ಮಿಕ್ಕ ಆಯುಸ್ಸು ಇರಬಹುದು, ಅದರ ಭಾಗಗಳಿಗಿಲ್ಲ. ತಾರಸಿಯ ಪದರ 15ರಿಂದ 20 ವರ್ಷ, ಲಿಫ್ಟು, ಏಸಿಗೆ ನೀರು ತಣಿಸುವ ದೊಡ್ಡ ಚಿಲ್ಲರು 20ರಿಂದ 25, ಹೊರಗೋಡೆಯ ಬಣ್ಣ 5ರಿಂದ 7, ಯುಪಿಎಸ್ ಬ್ಯಾಟರಿ 3ರಿಂದ 5. ಇದರಲ್ಲಿ ಗುಟ್ಟೇನಿಲ್ಲ. ಪ್ರತಿ ಕಟ್ಟಡಕ್ಕೂ ಒಂದೊಂದು ಹಾಳೆ ಮಾಡಿ, ಭಾಗ ಯಾವುದು, ಹಾಕಿದ ವರ್ಷ ಯಾವುದು, ಬದಲಿಸಬೇಕಾದ ವರ್ಷ ಯಾವುದು ಎಂದು ಬರೆದರೆ ಮುಂದಿನ 25 ವರ್ಷದ ಖರ್ಚು ಇವತ್ತೇ ಕಣ್ಣಿಗೆ ಬೀಳುತ್ತದೆ. ಒಂದೇ ದಶಕದಲ್ಲಿ ಎದ್ದ ಐದಾರು ಕಟ್ಟಡಗಳ ಲಿಫ್ಟು, ತಾರಸಿಗಳು ಒಟ್ಟೊಟ್ಟಿಗೆ ಮುಪ್ಪಾಗುವುದೂ ಆ ಹಾಳೆಗಳಲ್ಲಿ ಕಾಣುತ್ತದೆ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಎತ್ತಿಡದಿದ್ದರೆ ಅಂಥ ವರ್ಷವನ್ನು ಯಾವ ಹಣಕಾಸು ಅಧಿಕಾರಿಯೂ ನಿಭಾಯಿಸಲಾರರು.

ಇನ್ನು ಪ್ರಶ್ನೆಯ ಇನ್ನೊಂದು ಮಗ್ಗುಲು. ಹೊಸ ಬ್ಲಾಕ್ ನಿಜಕ್ಕೂ ಬೇಕಿತ್ತೇ? "ಕೊಠಡಿ ಸಾಲುತ್ತಿಲ್ಲ" ಎಂಬ ಮಾತು ಎಲ್ಲ ವಿಭಾಗಗಳಿಂದಲೂ ಬರುತ್ತದೆ. ಅಳೆದು ನೋಡಿದರೆ ಚಿತ್ರ ಬೇರೆ. 60 ಆಸನದ ಒಂದು ಕೊಠಡಿ ವಾರದ 40 ಗಂಟೆಯಲ್ಲಿ 24 ಗಂಟೆ ಬಳಕೆಯಾಗುತ್ತಿದೆ ಎನ್ನೋಣ, ಅಂದರೆ ಶೇ. 60. ಆ ಗಂಟೆಗಳಲ್ಲಿ ಕೂತವರು ಸರಾಸರಿ 30 ಮಂದಿ, ಅಂದರೆ ಶೇ. 50. ಎರಡನ್ನೂ ಗುಣಿಸಿದರೆ ನಿಜವಾದ ಬಳಕೆ ಶೇ. 30 ಮಾತ್ರ. ಹೀಗಿದ್ದೂ ಕೊರತೆ ಅನಿಸುವುದಕ್ಕೆ ಕಾರಣಗಳಿವೆ: ಕೊಠಡಿ ತಮ್ಮ ವಿಭಾಗದ ಸ್ವಂತದ್ದು ಎಂಬ ಹಿಡಿತ, ಎಲ್ಲರಿಗೂ ಬೆಳಗಿನ 10ರಿಂದ 1ರ ಅವಧಿಯೇ ಬೇಕೆನ್ನುವ ಹಟ, 35 ಜನರ ತರಗತಿಗೆ 120ರ ಹಾಲ್ ಕೊಟ್ಟಿರುವುದು, ಪ್ರೊಜೆಕ್ಟರ್ ಕೆಟ್ಟಿದ್ದಕ್ಕೆ ಯಾರೂ ಹೋಗದ ಕೊಠಡಿಗಳು.

ಈ ಸಮೀಕ್ಷೆಯನ್ನು ವೇಳಾಪಟ್ಟಿ ನೋಡಿ ಮಾಡಬಾರದು. ವೇಳಾಪಟ್ಟಿಯಲ್ಲಿರುವ ತರಗತಿಗಳೆಲ್ಲ ನಡೆಯುವುದಿಲ್ಲ. ಸೆಮಿಸ್ಟರಿನ ನಾಲ್ಕನೇ ವಾರದ ಸುಮಾರಿಗೆ, ಪ್ರವೇಶದ ಗಡಿಬಿಡಿ ಮುಗಿದು ಪರೀಕ್ಷೆಗಳು ಇನ್ನೂ ದೂರವಿರುವಾಗ, ಒಂದು ಪೂರ್ತಿ ವಾರ ಗಂಟೆಗೊಮ್ಮೆ ಪ್ರತಿ ಕೊಠಡಿಯಲ್ಲೂ ತಲೆ ಎಣಿಸಬೇಕು. ಎಣಿಸಲು ವಿದ್ಯಾರ್ಥಿಗಳನ್ನೇ ನೇಮಿಸಿಕೊಂಡರೆ ಸಾಕು. ಕೊಠಡಿ ಹಂಚಿಕೆ ಒಂದೇ ಕೇಂದ್ರದಿಂದ ಆದರೆ, ದೊಡ್ಡ ಹಾಲ್‌ಗಳನ್ನು ತರಗತಿಯ ಗಾತ್ರ ನೋಡಿ ಕೊಟ್ಟರೆ, ಕೆಲವು ಹಾಲ್‌ಗಳನ್ನು ನಡುವೆ ಗೋಡೆ ಎಬ್ಬಿಸಿ ಎರಡಾಗಿಸಿದರೆ ಹೊಸ ಬ್ಲಾಕಿನ ಬೇಡಿಕೆಯ ಒಂದು ಪಾಲು ಅಲ್ಲೇ ಕರಗುತ್ತದೆ. ಹಾಗೆಂದು ಶೇ. 100 ಬಳಕೆಯ ಗುರಿ ಇಟ್ಟುಕೊಳ್ಳುವುದು ತಪ್ಪು. ಗಂಟೆಗಳ ಲೆಕ್ಕದಲ್ಲಿ ಮುಕ್ಕಾಲು ಪಾಲು ದಾಟಿತೆಂದರೆ ಮರುಪಾಠಕ್ಕೂ ದುರಸ್ತಿಗೂ ಬಿಡುವು ಸಿಗುವುದಿಲ್ಲ.

ಕಟ್ಟಲೇಬೇಕಾದ ಸಂದರ್ಭಗಳೂ ಇವೆ, ಪ್ರಯೋಗಾಲಯಗಳದ್ದು ಮುಖ್ಯವಾಗಿ. ಹಳೆಯ ತರಗತಿ ಕೊಠಡಿಯನ್ನು ರಸಾಯನಶಾಸ್ತ್ರದ ಲ್ಯಾಬ್ ಮಾಡಲು ಹೊರಟರೆ ಗಾಳಿಯ ಲೆಕ್ಕವೇ ಅಡ್ಡ ಬರುತ್ತದೆ. ವಿಷದ ಹೊಗೆ, ಆವಿಗಳನ್ನು ಹೊರಗೆ ಎಳೆದುಹಾಕುವ ಗೂಡಿಗೆ ಫ್ಯೂಮ್ ಹುಡ್ ಎನ್ನುತ್ತಾರೆ. ಒಂದು ಫ್ಯೂಮ್ ಹುಡ್‌ನ ಬಾಯಿ 1.5 ಮೀಟರ್ ಅಗಲ, 0.5 ಮೀಟರ್ ಎತ್ತರ ತೆರೆದಿದೆ ಎನ್ನಿ. ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್ ಇರಬೇಕು. ಅಂದರೆ ಗಂಟೆಗೆ 1,350 ಘನ ಮೀಟರ್ ಗಾಳಿ ಹೊರಹೋಗುತ್ತದೆ, ಅಷ್ಟೇ ಹೊಸ ಗಾಳಿ ಒಳಬರಬೇಕು. ಇಂಥ ಹತ್ತು ಹುಡ್‌ಗಳ ನಾಳ ಹಾಯಿಸಲು ಹಳೆಯ ಕಟ್ಟಡದ ಮಹಡಿಯ ಎತ್ತರ ಸಾಲುವುದಿಲ್ಲ. ಯೋಜನೆ ಮಾಡುವಾಗ ಇನ್ನೊಂದು ಅಂಶ ನೆನಪಿರಲಿ: ಒಟ್ಟು 1,000 ಚದರ ಮೀಟರ್ ಕಟ್ಟಿದರೆ ಕಾರಿಡಾರು, ಮೆಟ್ಟಿಲು, ಶೌಚಾಲಯ, ಗೋಡೆಗಳ ದಪ್ಪ ಕಳೆದು ಬಳಕೆಗೆ ಸಿಗುವುದು ಸುಮಾರು 600ರಿಂದ 650.

ಕಟ್ಟುವುದೇ ಆದರೆ, ಮುಂದೆ ಅದನ್ನು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್, ಪ್ಲಂಬರ್, ಮೇಲ್ವಿಚಾರಕರು ನಕ್ಷೆಯ ಹಂತದಲ್ಲೇ ಮೇಜಿನ ಸುತ್ತ ಕೂರಬೇಕು. ಈ ಒಂದು ವಿಷಯದಲ್ಲಿ ರಾಜಿ ಕೂಡದು. ಸಭಾಂಗಣದಲ್ಲಿ 12 ಮೀಟರ್ ಎತ್ತರದ ಬಲ್ಬು ಬದಲಿಸಲು ಏಣಿ ಎಲ್ಲಿ ನಿಲ್ಲಿಸುವುದು? ಶೌಚಾಲಯದ ಪೈಪುಗಳು ಟೈಲ್ಸ್ ಹಿಂದೆ ಹುದುಗಿದ್ದರೆ ಸೋರಿಕೆ ಸರಿಪಡಿಸಲು ಗೋಡೆ ಒಡೆಯಬೇಕೇ? ಪಂಪಿನ ಮೋಟಾರ್ ಹೊರತೆಗೆಯುವಷ್ಟು ಬಾಗಿಲು ಅಗಲವಿದೆಯೇ? ಇಂಥ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಪೆನ್ಸಿಲಿನಿಂದ ಉತ್ತರ ಸಿಗುತ್ತದೆ, ಕಟ್ಟಿದ ಮೇಲೆ ಸಿಗುವುದಿಲ್ಲ. ಕೀಲಿ, ನಲ್ಲಿ, ದೀಪ, ಸ್ವಿಚ್ಚುಗಳು ಇಡೀ ಆವರಣಕ್ಕೆ ಎರಡು ಮೂರು ಬಗೆಯೊಳಗೆ ಇರಲಿ. ಪ್ರತಿ ಕಟ್ಟಡಕ್ಕೂ ಬೇರೆ ಬೇರೆ ಮಾದರಿ ಹಾಕಿದರೆ ಉಗ್ರಾಣ ತುಂಬಿರುತ್ತದೆ, ಬೇಕಾದ ಬಿಡಿಭಾಗ ಇರುವುದಿಲ್ಲ.

ಗುತ್ತಿಗೆದಾರರಿಂದ ಕಟ್ಟಡ ವಹಿಸಿಕೊಳ್ಳುವಾಗ ಕೊನೆಯ ಬಿಲ್ಲಿಗೆ ಮೊದಲೇ ಕೈಸೇರಬೇಕಾದವು: ನಿಜವಾಗಿ ಕಟ್ಟಿದ ರೀತಿಯನ್ನು ತೋರಿಸುವ ನಕ್ಷೆಗಳು, ಮುಖ್ಯವಾಗಿ ನೆಲದಡಿಯ ಕೇಬಲ್ಲು, ಪೈಪು, ವಾಲ್ವುಗಳದ್ದು. ಯಂತ್ರಗಳ ಕೈಪಿಡಿ, ಪರೀಕ್ಷಾ ವರದಿ, ವಾರಂಟಿ ಪತ್ರ, ಬಿಡಿಭಾಗಗಳ ಪಟ್ಟಿ, ಸಿಬ್ಬಂದಿಗೆ ತರಬೇತಿ. ಬಿಲ್ಲು ಪಾಸಾದ ಮೇಲೆ ಇವು ಬರುವುದು ಕಷ್ಟ. ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ 12 ತಿಂಗಳಿದ್ದರೆ ಹತ್ತನೇ ತಿಂಗಳಲ್ಲಿ ಕಟ್ಟಡವಿಡೀ ನಡೆದು ಪಟ್ಟಿ ಮಾಡಿ ಕಳಿಸಬೇಕು.

ನೀರು, ಜನರೇಟರು, ಮರಗಳ ವಿಷಯ ಚಿಕ್ಕದಾಗಿ. ರಾತ್ರಿ ಬೀಗ ಹಾಕುವ ಕಟ್ಟಡದಲ್ಲಿ 11 ಗಂಟೆಗೆ ತಾರಸಿಯ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟ ಗುರುತು ಮಾಡಿ, ಬೆಳಗ್ಗೆ 5ಕ್ಕೆ ನೋಡಿ. ಮಟ್ಟ ಇಳಿದಿದ್ದರೆ ಸೋರಿಕೆ ಇದೆ. ಹೆಚ್ಚಿನ ಸಲ ಫ್ಲಶ್ ಟ್ಯಾಂಕಿನದೇ ತಪ್ಪು: ಟ್ಯಾಂಕಿಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಟ್ಟರೆ ಕಮೋಡಿನಲ್ಲಿ ಬಣ್ಣ ಕಾಣುತ್ತದೆ. ನಿಮಿಷಕ್ಕೆ 2 ಲೀಟರ್ ಸೋರಿದರೂ ದಿನಕ್ಕೆ 2,880 ಲೀಟರ್. ಇನ್ನು ಡೀಸೆಲ್ ಜನರೇಟರನ್ನು ತಿಂಗಳಿಗೊಮ್ಮೆ ಅರ್ಧ ಗಂಟೆ, ಸಾಮರ್ಥ್ಯದ ಕನಿಷ್ಠ ಶೇ. 30ರಷ್ಟು ಲೋಡ್ ಕೊಟ್ಟು ಓಡಿಸಬೇಕು. ಲೋಡಿಲ್ಲದೆ ಓಡಿಸಿದರೆ ಪೂರ್ತಿ ಉರಿಯದ ಇಂಧನ ಎಗ್ಸಾಸ್ಟಿನಲ್ಲಿ ಕಟ್ಟಿಕೊಳ್ಳುತ್ತದೆ. ಅಂಗಳದ ದೊಡ್ಡ ಮರದ ಬಳಿ ಕಂದಕ ತೋಡುವ ಮುಂಚೆ ಕಾಂಡದ ವ್ಯಾಸವನ್ನು 12ರಿಂದ ಗುಣಿಸಿ: 50 ಸೆಂ.ಮೀ. ಕಾಂಡಕ್ಕೆ ಸುತ್ತ 6 ಮೀಟರ್ ಒಳಗೆ ಅಗೆಯಬಾರದು. ಬೇರು ಕಡಿದ ಮರ ತಕ್ಷಣ ಸಾಯುವುದಿಲ್ಲ, ಎರಡು ಮೂರು ವರ್ಷ ಬಿಟ್ಟು ಒಣಗಬಹುದು, ಗಾಳಿಗೆ ಉರುಳಬಹುದು.

ಹಣ ಕಡಿಮೆ ಇರುವಾಗ ಯಾವುದು ಮೊದಲು? ಜೀವಕ್ಕೆ ಅಪಾಯ ತರುವುದು ಮೊದಲು: ಬೀಗ ಬಿದ್ದಿರುವ ತುರ್ತು ಬಾಗಿಲು, ಬಿಸಿಯಾಗುವ ಪ್ಯಾನೆಲ್ ಬೋರ್ಡು, ಕೆಲಸ ಮಾಡದ ಅಗ್ನಿಶಾಮಕ ಪಂಪು. ಎರಡನೆಯದು ಕಟ್ಟಡದೊಳಗೆ ನುಗ್ಗುವ ನೀರು. ಮೂರನೆಯದು ಕೆಟ್ಟರೆ ಇಡೀ ಕಟ್ಟಡವೇ ನಿಲ್ಲುವಂಥ ಯಂತ್ರಗಳು. ಬಣ್ಣ, ಹೊಸ ಟೈಲ್ಸ್, ಸ್ವಾಗತ ಕಮಾನು ಕೊನೆಗೆ. ಪರಿಶೀಲನಾ ತಂಡ ಬರುತ್ತದೆಂದು ತೇವದ ಗೋಡೆಗೆ ಬಣ್ಣ ಬಳಿಯುವುದು ಹಣವನ್ನು ನೀರಿಗೆ ಹಾಕಿದಂತೆ, ಮುಂದಿನ ಮಳೆಗೆ ಅದು ಹಪ್ಪಳವೆದ್ದು ಉದುರುತ್ತದೆ.

ಪ್ರಶ್ನೆ ಕೇಳಿದವರಿಂದಲೂ ಒಂದು ಸಹಾಯ ಬೇಕು. "ಕ್ಲಾಸ್ ಸೋರ್ತಾ ಇದೆ" ಎಂದಷ್ಟೇ ಹೇಳಬೇಡಿ. ಕಟ್ಟಡ, ಮಹಡಿ, ಕೊಠಡಿಯ ಸಂಖ್ಯೆ, ಕಲೆಯ ಫೋಟೋ, ಯಾವಾಗಿನಿಂದ ಎಂಬುದನ್ನು ಬರೆದು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಮಳೆ ಬಂದಾಗ ಮಾತ್ರ ಸೋರುತ್ತದೆಯೋ, ಬಿಸಿಲಿದ್ದಾಗಲೂ ತೊಟ್ಟಿಕ್ಕುತ್ತದೆಯೋ ಎಂಬುದನ್ನು ತಪ್ಪದೆ ತಿಳಿಸಿ. ಮಳೆಗೆ ಮಾತ್ರವಾದರೆ ತಾರಸಿ ಅಥವಾ ಹೊರಗೋಡೆ ನೋಡುವವರು ಬರಬೇಕು, ದಿನವೂ ಆದರೆ ಮೇಲಿನ ಮಹಡಿಯ ಪೈಪು ನೋಡಲು ಪ್ಲಂಬರ್ ಬರಬೇಕು.